ಮೂರಡಿ ಎತ್ತರದಿಂದ ದೆಹಲಿ

ದೆಹಲಿ ಮೆಟ್ರೋದಲ್ಲಿ ಒಂದು ನಿಯಮ ಇದೆ. ದೊಡ್ಡವರ ಜೊತೆ ಬರುವ ಮಗು ಮೂರಡಿಗಿಂತ, ಅಂದರೆ 90 ಸೆಂಟಿಮೀಟರಿಗಿಂತ ಕುಳ್ಳಗಿದ್ದರೆ ಅದಕ್ಕೆ ಟಿಕೆಟ್ ಬೇಡ. ವಯಸ್ಸಿನ ಲೆಕ್ಕ ಇಲ್ಲ, ಎತ್ತರದ ಲೆಕ್ಕ. ಬರುವ ಫೆಬ್ರವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ದೆಹಲಿಗೆ ಹೋಗೋಣ ಅಂತ ಮನೆಯಲ್ಲಿ ತೀರ್ಮಾನ ಆದಾಗ ನನಗೆ ಮೊದಲು ನೆನಪಾಗಿದ್ದು ಈ ನಿಯಮವೇ. ನಮ್ಮ ಚಿಕ್ಕವನಿಗೆ ಮೂರು ವರ್ಷ. ಅಳತೆ ಮಾಡಿ ನೋಡಿದರೆ ಆ ಗಡಿಯನ್ನು ಆಗಲೇ ದಾಟಿದ್ದಾನೆ, ಟಿಕೆಟ್ ತೆಗೆಯಲೇಬೇಕು. ಆದರೆ ಆ ಮೂರಡಿ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅಷ್ಟು ಎತ್ತರದಿಂದ ನೋಡಿದರೆ ಈ ಊರು ಹೇಗೆ ಕಾಣುತ್ತದೆ? ಅಲ್ಲಿ ನಿಂತವರಿಗೆ ಇಲ್ಲಿ ಏನು ಸಿಗುತ್ತದೆ?

ದೆಹಲಿ ನನಗೆ ಹೊಸ ಊರಲ್ಲ. ಮದುವೆಗೆ ಮುಂಚೆ ಕೆಲಸದ ಸಲುವಾಗಿ ಅಲ್ಲಿದ್ದೆ. ಭಾನುವಾರ ಬಂತೆಂದರೆ ಒಂದು ನೀರಿನ ಬಾಟಲಿ ಹಿಡಿದು ಹೊರಟುಬಿಡುತ್ತಿದ್ದೆ. ಲೋಧಿ ಗಾರ್ಡನ್ನಿನ ಹುಲ್ಲು, ಹುಮಾಯೂನ್ ಸಮಾಧಿಯ ತೋಟ, ಪುರಾನಾ ಕಿಲಾದ ಗೋಡೆ. ಎಲ್ಲಿ ಬೇಕಾದರೂ ಕೂರುವುದು, ಎಷ್ಟು ಹೊತ್ತಿಗೆ ಬೇಕಾದರೂ ಏಳುವುದು. ಆ ಊರನ್ನು ತುಂಬಾ ಹಚ್ಚಿಕೊಂಡಿದ್ದೆ. ಈಗ ಮಕ್ಕಳಿಗೂ ಅದು ಇಷ್ಟವಾಗಲಿ ಅನ್ನುವ ಆಸೆ. ಬರೀ ತೋರಿಸುವುದಾದರೆ ಒಂದು ಪಟ್ಟಿ, ಒಂದು ಟ್ಯಾಕ್ಸಿ ಸಾಕು. ಇಷ್ಟವಾಗಬೇಕಾದರೆ ಆ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಡೆದು ಹಾಕಬೇಕು. ನಾನು ಈಗ ಮಾಡುತ್ತಿರುವುದು ಅದೇ ಕೆಲಸ.

ಎಲ್ಲಕ್ಕಿಂತ ಮೊದಲು, ಯಾವಾಗ ಹೋಗೋದು? ಕರ್ನಾಟಕದವರಿಗೆ ಇಲ್ಲೇ ಒಂದು ತೊಡಕಿದೆ. ನಮ್ಮ ಶಾಲೆಗಳಿಗೆ ದೊಡ್ಡ ರಜೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಮೇಲೆ ದಸರಾಕ್ಕೆ. ಮೇ ತಿಂಗಳ ದೆಹಲಿ 45 ಡಿಗ್ರಿ ಮುಟ್ಟುತ್ತದೆ. 'ಲೂ' ಅಂತ ಕರೆಯುವ ಒಣ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತದೆ. ಅಲ್ಲಿನ ಸ್ಮಾರಕಗಳೆಲ್ಲ ಕಲ್ಲು ಹಾಸಿದ ಅಂಗಳಗಳು. ಕಾದ ಕಲ್ಲಿನ ಝಳ ನಮ್ಮ ಮೊಣಕಾಲಿಗೆ ತಾಗಿದರೆ ಮಗುವಿನ ಮುಖಕ್ಕೇ ತಾಗುತ್ತದೆ. ಇದನ್ನು ದೊಡ್ಡವರು ಯೋಚನೆ ಮಾಡುವುದೇ ಕಡಿಮೆ.

ದಸರಾ ರಜೆ ಬೇಗ ಬಂದ ವರ್ಷ ಪರವಾಗಿಲ್ಲ. ತಡವಾಗಿ ಬಂದರೆ ದೀಪಾವಳಿಯ ಹತ್ತಿರ ಹೋಗುತ್ತದೆ. ಆಗ ಪಂಜಾಬ್, ಹರಿಯಾಣದ ಭತ್ತದ ಗದ್ದೆಗಳಲ್ಲಿ ಕೂಳೆ ಸುಡುವ ಹೊಗೆ, ಊರೊಳಗಿನ ವಾಹನಗಳ ಹೊಗೆ, ಪಟಾಕಿ ಎಲ್ಲ ಸೇರಿಕೊಳ್ಳುತ್ತದೆ. ಚಳಿ ಶುರುವಾಗಿ ಗಾಳಿ ನಿಂತುಬಿಟ್ಟರೆ ಆ ಹೊಗೆ ಮೇಲೆ ಹೋಗದೆ ಊರಿನ ಮೇಲೇ ಕೂತುಕೊಳ್ಳುತ್ತದೆ. ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ. ಒಂದು ಗೋಪುರ ನೋಡುವುದಕ್ಕೋಸ್ಕರ ಅವರಿಗೆ ಆ ಗಾಳಿ ಕುಡಿಸುವುದಕ್ಕೆ ನನಗೆ ಮನಸ್ಸಿಲ್ಲ. ಇನ್ನು ಡಿಸೆಂಬರ್ ಕೊನೆ, ಜನವರಿ ಅಂದರೆ ಮಂಜು. ರೈಲುಗಳು ಗಂಟೆಗಟ್ಟಲೆ ತಡ, ಬೆಳಗಿನ ವಿಮಾನಗಳೂ ತಡ. ಜನವರಿ 26ರ ಪರೇಡಿನ ತಯಾರಿಗೆ ಕರ್ತವ್ಯ ಪಥದ ಸುತ್ತಮುತ್ತ ರಸ್ತೆಗಳೂ ಆಗಾಗ ಬಂದ್.

ಹಾಗಾಗಿ ಉಳಿದಿದ್ದು ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ. ಬೆಳಿಗ್ಗೆ ಒಂದು ಸ್ವೆಟರ್, ಮಧ್ಯಾಹ್ನ ಅದು ಸೊಂಟಕ್ಕೆ. ರಾಷ್ಟ್ರಪತಿ ಭವನದ ಅಮೃತ ಉದ್ಯಾನ ಜನರಿಗೆ ತೆರೆಯುವುದೂ ಈ ದಿನಗಳಲ್ಲೇ. ಊರಿನ ಸರ್ಕಲ್ಲುಗಳಲ್ಲೆಲ್ಲ ಹೂವು. ಮಗಳು ಎರಡನೇ ಕ್ಲಾಸು. ಅವಳಿಗೆ ಶಾಲೆಗೆ ರಜೆ ಹಾಕಿಸುತ್ತಿದ್ದೇವೆ. ಈ ವಯಸ್ಸಿನಲ್ಲಿ ಕೆಲವು ದಿನ ಪಾಠ ತಪ್ಪಿದರೆ ತುಂಬಿಕೊಳ್ಳಬಹುದು. ಟೀಚರ್ ಹತ್ತಿರ ಮುಂಚೆಯೇ ಮಾತಾಡಿದೆ. "ಬಂದ ಮೇಲೆ ಕ್ಲಾಸಿನಲ್ಲಿ ನಿಂತು ಎಲ್ಲರಿಗೂ ಹೇಳಲಿ" ಅಂದರು. ಅಷ್ಟು ಒಳ್ಳೆಯ ಹೋಮ್‌ವರ್ಕ್ ಯಾರು ಕೊಡುತ್ತಾರೆ!

ಹೋಗುವಾಗ ರೈಲು, ಬರುವಾಗ ವಿಮಾನ. ಬೆಂಗಳೂರಿನಿಂದ ವಿಮಾನದಲ್ಲಿ ಮೂರು ಗಂಟೆಯೊಳಗೆ ದೆಹಲಿ ಮುಟ್ಟಬಹುದು ನಿಜ. ಆದರೆ ಮಕ್ಕಳಿಗೆ ಅದು ಒಂದು ಬಾಗಿಲಿಂದ ಒಳಗೆ ಹೋಗಿ ಇನ್ನೊಂದು ಬಾಗಿಲಿಂದ ಹೊರಗೆ ಬಂದಂತೆ. ರಾಜಧಾನಿ ದೂರ ಇದೆ, ಅದಕ್ಕೂ ನಮಗೂ ನಡುವೆ ಎಷ್ಟೋ ಊರು, ಎಷ್ಟೋ ಭಾಷೆ ಇದೆ ಅಂತ ಗೊತ್ತಾಗುವುದು ರೈಲಿನಲ್ಲಿ. ಕರ್ನಾಟಕ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟರೆ ಎರಡು ರಾತ್ರಿ, ನಡುವೆ ಒಂದು ಇಡೀ ಹಗಲು. ತುಂಗಭದ್ರೆ, ಕೃಷ್ಣೆ, ಭೀಮೆ, ಗೋದಾವರಿ, ನರ್ಮದೆ, ಚಂಬಲ್ ಎಲ್ಲ ದಾಟುತ್ತದೆ. ಕೆಲವು ರಾತ್ರಿಯಲ್ಲೇ ಹೋಗಿಬಿಡುತ್ತವೆ. ಮಗಳು ಈಗಾಗಲೇ ಒಂದು ಉದ್ದನೆಯ ಹಾಳೆಯಲ್ಲಿ ನದಿಗಳನ್ನೆಲ್ಲ ಬರೆದಿಟ್ಟುಕೊಂಡಿದ್ದಾಳೆ, ದಾಟಿದ ಹಾಗೆ ಟಿಕ್ ಹಾಕುವುದಕ್ಕೆ. ರಾತ್ರಿ ದಾಟುವುದಕ್ಕೆ ನಕ್ಷತ್ರದ ಗುರುತು.

ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡ ಅಂದರೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡು ವರ್ಷದೊಳಗಿನವರಿಗೆ ಬರ್ತ್ ಬೇಡವಾದರೆ ಅರ್ಧ ದರ, ಬೇಕಾದರೆ ಪೂರ್ತಿ ದರ. ಎರಡು ರಾತ್ರಿಯ ಪ್ರಯಾಣದಲ್ಲಿ ಇಲ್ಲಿ ಉಳಿತಾಯ ನೋಡಬೇಡಿ. ಮಗಳಿಗೆ ಪೂರ್ತಿ ಟಿಕೆಟ್ ತೆಗೆಯುತ್ತೇವೆ. ಚಿಕ್ಕವನು ನನ್ನ ಪಕ್ಕ. ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ಮೊದಲಿನ ಹಾಗೆ ನಾಲ್ಕು ತಿಂಗಳ ಮುಂಚೆ ಆಗುವುದಿಲ್ಲ. ಅತ್ತೆಯೂ ಬರುತ್ತಿದ್ದಾರೆ. ಅವರಿಗೆ ಮಂಡಿನೋವು, ಲೋಯರ್ ಬರ್ತ್ ಸಿಗಲೇಬೇಕು. ಹಾಗಾಗಿ ಬುಕಿಂಗ್ ತೆರೆದ ದಿನವೇ ಮಾಡಬೇಕು.

ಉಳಿದುಕೊಳ್ಳುವ ಜಾಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮಕ್ಕಳ ಜೊತೆಗಿನ ಪ್ರವಾಸ ಗೆಲ್ಲುವುದೋ ಸೋಲುವುದೋ ಇಲ್ಲೇ ನಿರ್ಧಾರ ಆಗುತ್ತದೆ ಅಂತ ನನ್ನ ನಂಬಿಕೆ. ಸಾಮಾನ್ಯವಾಗಿ ರೂಮು ಅಂದರೆ ರಾತ್ರಿ ಮಲಗುವುದಕ್ಕೆ ಒಂದು ಜಾಗ ಅಂದುಕೊಳ್ಳುತ್ತೇವೆ. ಮೂರು ವರ್ಷದ ಮಗುವಿಗೆ ಮಧ್ಯಾಹ್ನವೂ ರೂಮು ಬೇಕು. ಬೆಳಿಗ್ಗೆ ಒಂದು ಜಾಗ ನೋಡಿ ವಾಪಸ್ ಬಂದು, ಉಂಡು, ಎರಡು ಗಂಟೆ ನಿದ್ದೆ ಮಾಡಿ ಸಂಜೆ ಮತ್ತೆ ಹೊರಡುವ ಹಾಗಿರಬೇಕು. ದಿನಕ್ಕೆ ಎರಡು ಸಲ ಬಂದು ಹೋಗುವ ಜಾಗ ಅಂದ ಮೇಲೆ ಅದು ಮೆಟ್ರೋ ಸ್ಟೇಷನ್ನಿನಿಂದ ನಡೆಯುವ ದೂರದಲ್ಲಿರಬೇಕು, ಅಲ್ವಾ?

ಆದರೆ ಯಾವ ಸ್ಟೇಷನ್? ಮೆಟ್ರೋ ನಕ್ಷೆಯನ್ನು ಪ್ರಿಂಟ್ ತೆಗೆದು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆವು. ಚಿಕ್ಕವನಿಗೆ ಬಣ್ಣ ಗೊತ್ತು, ಮಗಳಿಗೆ ಓದಲು ಬರುತ್ತದೆ. ನೇರಳೆ ಬಣ್ಣದ ಗೆರೆ ಹಿಡಿದು ಬೆರಳು ಓಡಿಸಿದರೆ ಲಾಲ್ ಕಿಲಾ ಸ್ಟೇಷನ್ನಿನಲ್ಲಿ ಕೆಂಪುಕೋಟೆ, ಐಟಿಒ ಹತ್ತಿರ ಬೊಂಬೆ ಮ್ಯೂಸಿಯಂ, ಜವಾಹರಲಾಲ್ ನೆಹರು ಸ್ಟೇಡಿಯಂ ಸ್ಟೇಷನ್ನಿನಿಂದ ಸ್ವಲ್ಪ ದೂರಕ್ಕೆ ಹುಮಾಯೂನ್ ಸಮಾಧಿ, ಇನ್ನೂ ಕೆಳಗೆ ಹೋದರೆ ಕಾಲ್ಕಾಜಿ ಮಂದಿರ ಸ್ಟೇಷನ್ನಿನ ಪಕ್ಕ ಕಮಲ ಮಂದಿರ. ಇದೇ ಗೆರೆಯ ಮೇಲೆ ಲಾಜಪತ್ ನಗರ ಬರುತ್ತದೆ. ಅಲ್ಲಿ ಗುಲಾಬಿ ಬಣ್ಣದ ಗೆರೆ ಅಡ್ಡ ಹಾಯುತ್ತದೆ. ಗುಲಾಬಿ ಹಿಡಿದು ಪಶ್ಚಿಮಕ್ಕೆ ಹೋದರೆ ದಿಲ್ಲಿ ಹಾಟ್ ಅನ್ನುವ ಕರಕುಶಲ ಸಾಮಾನಿನ ಸಂತೆ. ಅಲ್ಲಿ ಹಳದಿ ಗೆರೆಗೆ ಬದಲಾಯಿಸಿದರೆ ಕುತುಬ್ ಮಿನಾರ್ ಸ್ಟೇಷನ್. ಬದಲಾಯಿಸದೆ ಗುಲಾಬಿಯಲ್ಲೇ ಮುಂದುವರಿದರೆ ಒಂದು ಸ್ಟೇಷನ್ನಿನ ಹೆಸರು ಸರ್ ಎಂ. ವಿಶ್ವೇಶ್ವರಯ್ಯ ಮೋತಿ ಬಾಗ್.

ಅದನ್ನು ಓದಿ ಮಗಳು ಒಂದು ಕ್ಷಣ ತಲೆ ಎತ್ತಿದಳು. "ಅಮ್ಮ, ಕನ್ನಂಬಾಡಿ ಕಟ್ಟೆ ಕಟ್ಟಿದವರಾ?" ಹೌದು ಪುಟ್ಟಿ, ಅವರೇ. ಆ ಸ್ಟೇಷನ್ನಿನಿಂದ ಆಟೋ ಹಿಡಿದರೆ ಚಾಣಕ್ಯಪುರಿಯ ರೈಲ್ವೆ ಮ್ಯೂಸಿಯಂ. ಹೀಗೆ ನಮ್ಮ ರೂಮು ಲಾಜಪತ್ ನಗರದ ಆಸುಪಾಸು ಅಂತ ತೀರ್ಮಾನ ಆಯಿತು. ರಾಜೀವ್ ಚೌಕದ ನೂಕುನುಗ್ಗಲಿನಲ್ಲಿ ರೈಲು ಬದಲಾಯಿಸುವ ಕೆಲಸ ಒಂದು ಸಲವೂ ಬರುವುದಿಲ್ಲ. ಮಕ್ಕಳ ಕೈ ಹಿಡಿದುಕೊಂಡು ಆ ಸ್ಟೇಷನ್ನಿನಲ್ಲಿ ಸಂಜೆ ಆರು ಗಂಟೆಗೆ ನಿಲ್ಲುವುದು ಯಾರಿಗೂ ಬೇಡ.

ಮೆಟ್ರೋ ವಿಷಯಕ್ಕೇ ಸೇರಿದ ಇನ್ನೊಂದು ಮಾತು. ಮಗಳಿಗೆ ಒಂದು ಪಾಠ ಈಗಿನಿಂದಲೇ ಹೇಳಿಕೊಡುತ್ತಿದ್ದೇವೆ. ನಾವು ಹತ್ತಿ ನೀನು ಪ್ಲಾಟ್‌ಫಾರ್ಮಿನಲ್ಲೇ ಉಳಿದುಬಿಟ್ಟರೆ ಅಲ್ಲೇ ನಿಂತುಕೋ, ನಾವೇ ವಾಪಸ್ ಬರುತ್ತೇವೆ. ನೀನೊಬ್ಬಳೇ ಹತ್ತಿ ಬಾಗಿಲು ಮುಚ್ಚಿಕೊಂಡರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಂತುಕೋ. ಎರಡರಲ್ಲೂ ನೀನು ಹುಡುಕಿಕೊಂಡು ಹೋಗಬೇಡ, ಹುಡುಕುವುದು ನಮ್ಮ ಕೆಲಸ. ಇದನ್ನು ಹೆದರಿಸಿ ಹೇಳುವುದಿಲ್ಲ. ಮನೆಯ ಹಾಲ್‌ನಲ್ಲಿ ಕುರ್ಚಿಗಳನ್ನು ಸಾಲಾಗಿಟ್ಟು ಆಡಿಸುತ್ತೇವೆ. ಇಬ್ಬರ ಜೇಬಿನಲ್ಲೂ ನಮ್ಮ ಫೋನ್ ನಂಬರಿನ ಚೀಟಿ ಇರುತ್ತದೆ, ಕನ್ನಡದಲ್ಲಲ್ಲ, ಹಿಂದಿ ಮತ್ತು ಇಂಗ್ಲಿಷಿನಲ್ಲಿ.

ಯಾವ ದಿನ ಯಾವುದು ಅಂತ ಹೊಂದಿಸುವಾಗ ಸೋಮವಾರವನ್ನು ನೋಡಿಕೊಳ್ಳಿ. ಕೆಂಪುಕೋಟೆ, ಕಮಲ ಮಂದಿರ, ಅಕ್ಷರಧಾಮ, ರೈಲ್ವೆ ಮ್ಯೂಸಿಯಂ, ಬೊಂಬೆ ಮ್ಯೂಸಿಯಂ ಎಲ್ಲಕ್ಕೂ ಸೋಮವಾರ ರಜೆ. ಮೃಗಾಲಯಕ್ಕೆ ಶುಕ್ರವಾರ. ಕುತುಬ್ ಮಿನಾರ್, ಹುಮಾಯೂನ್ ಸಮಾಧಿ ಮಾತ್ರ ವಾರವಿಡೀ ತೆರೆದಿರುತ್ತವೆ. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ದೊಡ್ಡವರ ಟಿಕೆಟ್ಟನ್ನು ಫೋನಿನಲ್ಲೇ ತೆಗೆದುಕೊಂಡರೆ ಕ್ಯೂ ತಪ್ಪುತ್ತದೆ.

ನಮ್ಮ ಮೊದಲ ಬೆಳಗು ಹುಮಾಯೂನ್ ಸಮಾಧಿಗೆ. ಇದನ್ನು ನಾನು ಯೋಚನೆ ಮಾಡಿಯೇ ಮೊದಲಿಗೆ ಇಟ್ಟಿದ್ದೇನೆ. ಎರಡು ರಾತ್ರಿ ರೈಲಿನಲ್ಲಿ ಕೂತು ಬಂದ ಮಕ್ಕಳಿಗೆ ಮೊದಲು ಬೇಕಾಗಿರುವುದು ಓಡುವುದಕ್ಕೆ ಜಾಗ. ಅಲ್ಲಿ ನಾಲ್ಕು ಭಾಗ ಮಾಡಿದ ದೊಡ್ಡ ತೋಟ, ತೋಟದ ನಡುವೆ ಕಿರಿದಾದ ನೀರಿನ ಕಾಲುವೆಗಳು, ಅವುಗಳ ನಡುವೆ ಆ ಕೆಂಪು ಕಲ್ಲಿನ ಕಟ್ಟಡ, ಮೇಲೆ ಬಿಳಿ ಗುಮ್ಮಟ. ಸೂರ್ಯ ಹುಟ್ಟುವಾಗಲೇ ತೆರೆಯುತ್ತದೆ. ಬೆಳಿಗ್ಗೆ ಬೇಗ ಹೋದರೆ ಅಳಿಲು, ಗಿಳಿ, ಹದ್ದು ಜಾಸ್ತಿ, ಜನ ಕಡಿಮೆ. ಕಾಲುವೆ ಒಂದು ಗೇಣು ಅಗಲ ಇರುವ ಕಡೆ ಮಕ್ಕಳು ಈ ದಡದಿಂದ ಆ ದಡಕ್ಕೆ ಹಾರುವುದನ್ನು ನಾನು ಅಲ್ಲಿ ಕೂತು ನೋಡಿದ್ದೇನೆ. ಆ ಕಾಲುವೆ ಯಾಕೆ ಅಷ್ಟು ಸಣ್ಣದು ಅಂತ ನನಗೆ ಆಗ ಅನಿಸುತ್ತಿತ್ತು. ಈಗ ನನ್ನ ಮಗನ ಅಳತೆಗೆ ಸರಿಯಾಗಿದೆ ಅನಿಸುತ್ತದೆ.

ಕಥೆಯೂ ಮಕ್ಕಳಿಗೆ ಹೇಳುವಂಥದ್ದೇ. ಹುಮಾಯೂನ್ ಸತ್ತಿದ್ದು 1556ರಲ್ಲಿ, ಪುರಾನಾ ಕಿಲಾದ ಒಳಗಿನ ಶೇರ್ ಮಂಡಲ ಅನ್ನುವ ಕಟ್ಟಡದ ಮೆಟ್ಟಿಲಿನಿಂದ ಬಿದ್ದು. ಅಲ್ಲಿ ಅವನ ಪುಸ್ತಕಗಳಿದ್ದವು. ಮೆಟ್ಟಿಲಿಳಿಯುವಾಗ ಆಜಾನ್ ಕೇಳಿಸಿತಂತೆ, ಬಗ್ಗುವುದಕ್ಕೆ ಹೋದಾಗ ಉದ್ದನೆಯ ನಿಲುವಂಗಿಗೆ ಕಾಲು ಸಿಕ್ಕಿಕೊಂಡಿತಂತೆ. ಯುದ್ಧಗಳಲ್ಲಿ ಉಳಿದುಕೊಂಡ ರಾಜ ಮೆಟ್ಟಿಲಿನಲ್ಲಿ ಹೋಗಿಬಿಟ್ಟ. ಆಮೇಲೆ ಅವನ ಹೆಂಡತಿ ಬೇಗಾ ಬೇಗಂ ಈ ಸಮಾಧಿ ಕಟ್ಟಿಸಿದಳು. 1570ರ ಸುಮಾರಿಗೆ ಮುಗಿಯಿತು. ಗಂಡ ಹೆಂಡತಿಗಾಗಿ ಕಟ್ಟಿಸಿದ ತಾಜ್ ಮಹಲ್ ಎಲ್ಲರಿಗೂ ಗೊತ್ತು. ಅದಕ್ಕೆ ಅರ್ಧ ಶತಮಾನಕ್ಕೂ ಮುಂಚೆ ಹೆಂಡತಿ ಗಂಡನಿಗಾಗಿ ಕಟ್ಟಿಸಿದ್ದು ಇದು. ನನ್ನ ಮಗಳಿಗೆ ಇದನ್ನು ಹೇಳಲೇಬೇಕು ಅಂತ ತುಂಬಾ ದಿನದಿಂದ ಕಾಯುತ್ತಿದ್ದೇನೆ. ಮೇಲಿನ ಜಗಲಿಗೆ ಹೋಗುವ ಮೆಟ್ಟಿಲುಗಳು ಬಹಳ ಕಡಿದು. ಅತ್ತೆ ಕೆಳಗೆ ತೋಟದಲ್ಲಿ ಕೂರುತ್ತಾರೆ. ನಾವು ಮಗುವನ್ನು ಎತ್ತಿಕೊಂಡು ಹತ್ತುತ್ತೇವೆ.

ಅದರ ಪಕ್ಕದಲ್ಲೇ ಸುಂದರ್ ನರ್ಸರಿ. ಬ್ರಿಟಿಷರು ಹೊಸ ದೆಹಲಿ ಕಟ್ಟುವಾಗ ಈ ಹೊಸ ಊರಿಗೆ ಯಾವ ಮರ ಹೊಂದುತ್ತದೆ ಅಂತ ಸಸಿ ಬೆಳೆಸಿ ನೋಡುತ್ತಿದ್ದ ಜಾಗ ಅದು. ಸುಮಾರು 90 ಎಕರೆ. ಎಷ್ಟೋ ವರ್ಷ ಮರೆತುಹೋದಂತಿತ್ತು. ಸರಿಮಾಡಿ 2018ರಲ್ಲಿ ಜನರಿಗೆ ತೆರೆದರು. ಈಗ ಅಲ್ಲಿ ಹುಲ್ಲುಹಾಸು, ಕೊಳ, ಬಾತುಕೋಳಿ, ನವಿಲು, ನಡುನಡುವೆ ಹಳೆಯ ಗುಮ್ಮಟಗಳು. ಬುತ್ತಿ ತೆಗೆದುಕೊಂಡು ಹೋಗಿ ಚಾಪೆ ಹಾಸಿ ಕೂರುವ ಜನ ಅಲ್ಲಿ ತುಂಬಾ. ದೆಹಲಿಯಲ್ಲಿ ಮಕ್ಕಳಿಗೆ ಒಂದೇ ಒಂದು ಜಾಗ ತೋರಿಸಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಯಾಕೆಂದರೆ ಇಲ್ಲಿ ಇತಿಹಾಸ ಮತ್ತು ಆಟ ಬೇರೆ ಬೇರೆ ಇಲ್ಲ. ಐನೂರು ವರ್ಷ ಹಳೆಯ ಗೋಡೆಯ ಪಕ್ಕ ಚೆಂಡು ಉರುಳಿಸಿ ಬೆಳೆದ ಮಗುವಿಗೆ ಹಳೆಯ ಗೋಡೆ ಅಂದರೆ ಪಾಠ ಅನಿಸುವುದಿಲ್ಲ.

ಕುತುಬ್ ಮಿನಾರ್ ಮಕ್ಕಳಿಗೆ ಒಂದೇ ನೋಟಕ್ಕೆ ಹಿಡಿಸುವಂಥದ್ದು. 72.5 ಮೀಟರ್. ಮೂರಡಿ ಎತ್ತರದವನಿಗೆ ಅದು ಆಕಾಶಕ್ಕೇ ಹೋಗಿದೆ. ಒಳಗೆ 379 ಮೆಟ್ಟಿಲುಗಳಿವೆ. ಆದರೆ ಹತ್ತಲು ಬಿಡುವುದಿಲ್ಲ. "ಯಾಕೆ?" ಅಂತ ಮಗಳು ಕೇಳಿಯೇ ಕೇಳುತ್ತಾಳೆ. 1981ರ ಡಿಸೆಂಬರಿನಲ್ಲಿ ಒಳಗೆ ಕರೆಂಟು ಹೋಗಿ, ಕತ್ತಲಲ್ಲಿ ಎಲ್ಲರೂ ಗಾಬರಿಯಾಗಿ ಕೆಳಗೆ ನುಗ್ಗಿದಾಗ 40ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಶಾಲೆಯಿಂದ ಪ್ರವಾಸ ಬಂದಿದ್ದ ಮಕ್ಕಳು. ಇದನ್ನು ಏಳು ವರ್ಷದವಳಿಗೆ ಎಷ್ಟು ಹೇಳಬೇಕು ಅಂತ ನಾವಿಬ್ಬರೂ ಕೂತು ಮಾತಾಡಿದೆವು. "ಒಳಗೆ ಇಕ್ಕಟ್ಟು, ಹಿಂದೆ ಒಂದು ಸಲ ನೂಕುನುಗ್ಗಲಾಗಿ ಜನ ಸತ್ತರು, ಮತ್ತೆ ಹಾಗಾಗಬಾರದು ಅಂತ ಮುಚ್ಚಿದ್ದಾರೆ." ಇಷ್ಟು ಹೇಳುತ್ತೇವೆ. ಅದು ನಿಜ, ಅವಳಿಗೆ ಅರ್ಥವೂ ಆಗುತ್ತದೆ. ಇನ್ನೂ ಕೇಳಿದರೆ ಇನ್ನೂ ಹೇಳುತ್ತೇವೆ.

ಅಲ್ಲಿ ಚಿಕ್ಕವನಿಗೆ ನಾನು ಕಾದಿಟ್ಟಿರುವುದು ಅಲಾಯ್ ಮಿನಾರ್. ಅಲಾವುದ್ದೀನ್ ಖಿಲ್ಜಿ ಕುತುಬ್‌ಗಿಂತ ಎರಡರಷ್ಟು ಎತ್ತರದ್ದು ಕಟ್ಟಿಸುತ್ತೇನೆ ಅಂತ ಹೊರಟ. 1316ರಲ್ಲಿ ಅವನು ಸತ್ತ. ಕೆಲಸ ಮೊದಲ ಅಂತಸ್ತಿಗೇ ನಿಂತಿತು. ಈಗಲೂ ಹಾಗೇ ಇದೆ, ಒರಟು ಕಲ್ಲಿನ ದೊಡ್ಡ ಗುಡ್ಡೆ. ಬಿಲ್ಡಿಂಗ್ ಬ್ಲಾಕ್ಸ್ ಅರ್ಧ ಜೋಡಿಸಿ ಎದ್ದು ಹೋಗುವ ಹುಡುಗನಿಗೆ ಇದು ಅರ್ಥವಾಗದೆ ಇರುತ್ತದಾ? ಮಗಳಿಗೆ ಕಬ್ಬಿಣದ ಕಂಬ. ಏಳು ಮೀಟರಿಗಿಂತ ಎತ್ತರ, ಆರು ಟನ್ನಿಗಿಂತ ಭಾರ, ಸುಮಾರು 1600 ವರ್ಷ ಹಳೆಯದು. ಮಳೆ ಬಿಸಿಲಿನಲ್ಲಿ ನಿಂತರೂ ತುಕ್ಕು ತಿಂದು ಹಾಳಾಗಿಲ್ಲ. ಆ ಕಬ್ಬಿಣದಲ್ಲಿ ರಂಜಕ ಜಾಸ್ತಿ ಇರುವುದರಿಂದ ಮೇಲೆ ಒಂದು ತೆಳುವಾದ ಪದರ ಕಟ್ಟಿಕೊಂಡು ಅದೇ ಕಾಪಾಡುತ್ತಿದೆ. ಮೊದಲು ಜನ ಅದನ್ನು ಬೆನ್ನ ಹಿಂದಿನಿಂದ ತಬ್ಬಿಕೊಂಡು ಎರಡೂ ಕೈ ಸೇರಿಸಲು ನೋಡುತ್ತಿದ್ದರು. ಆಮೇಲೆ ಸುತ್ತ ಬೇಲಿ ಹಾಕಿದರು. ಮನೆಯಲ್ಲಿ ಒಂದು ಕಬ್ಬಿಣದ ಮೊಳೆಯನ್ನು ಬಾಲ್ಕನಿಯಲ್ಲಿ ಮಳೆಗೆ ಇಟ್ಟಿದ್ದೇವೆ. ತುಕ್ಕು ಹಿಡಿದಿದೆ. ಆ ಮೊಳೆಯನ್ನು ಕಂಡವಳಿಗೆ ಕಂಬದ ಎದುರು ನಿಂತಾಗ ನಾನು ಏನೂ ಹೇಳಬೇಕಾಗಿಲ್ಲ.

ರೈಲ್ವೆ ಮ್ಯೂಸಿಯಂ ಚಿಕ್ಕವನದ್ದು. 1977ರಲ್ಲಿ ಶುರುವಾದ ಜಾಗ. ಬಯಲಿನಲ್ಲಿ ಹಳೆಯ ಎಂಜಿನ್ನುಗಳು ನಿಂತಿವೆ, ಸುತ್ತ ಒಂದು ಪುಟ್ಟ ರೈಲು ಓಡುತ್ತದೆ.  ಮೈಸೂರು ಮಹಾರಾಜರ ರೈಲು ಬೋಗಿಯೂ ಅಲ್ಲಿದೆ. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಮಹಾರಾಣಿಯವರ ಬೋಗಿ ನೋಡಿದವರಿಗೆ ಇನ್ನೊಂದು ಇಲ್ಲಿ ಸಿಗುತ್ತದೆ. ಇಲ್ಲಿಗೆ ಒಂದು ಇಡೀ ಬೆಳಗು ಕೊಟ್ಟಿದ್ದೇವೆ. ಒಂದು ಗಂಟೆ ಸಾಕು ಅನ್ನುವವರು ಇದ್ದಾರೆ. ಎಂಜಿನ್ನಿನ ಚಕ್ರ ತನಗಿಂತ ಎತ್ತರ ಇದೆ ಅಂತ ಕಂಡುಹಿಡಿದ ಮೂರು ವರ್ಷದವನನ್ನು ಒಂದು ಗಂಟೆಗೆ ಎಬ್ಬಿಸಿಕೊಂಡು ಬರುವುದು ಅನ್ಯಾಯ.

ಕೆಂಪುಕೋಟೆಯ ಬಗ್ಗೆ ಮನೆಯಲ್ಲಿ ಚರ್ಚೆ ಆಯಿತು. ಚಿಕ್ಕ ಮಕ್ಕಳಿಗೆ ಅದು ಕಷ್ಟದ ಜಾಗ ಅಂತ ನನ್ನ ಅಭಿಪ್ರಾಯ. ನಡೆಯುವುದು ಜಾಸ್ತಿ, ನೆರಳು ಕಡಿಮೆ, ಒಳಗಿನ ಅರಮನೆಗಳು ಖಾಲಿ. ಷಹಜಹಾನನ ಕಾಲದ ರತ್ನಗಂಬಳಿ, ಸಿಂಹಾಸನ, ಹರಿಯುತ್ತಿದ್ದ ನೀರು ಎಲ್ಲವನ್ನೂ ಮನಸ್ಸಿನಲ್ಲೇ ತುಂಬಿಕೊಳ್ಳಬೇಕು. ಆದರೆ ಮಗಳು ಪ್ರತಿ ಆಗಸ್ಟ್ 15ಕ್ಕೆ ಟಿವಿಯಲ್ಲಿ ಬಾವುಟ ಹಾರಿಸುವುದನ್ನು ನೋಡುತ್ತಾಳೆ. ಅವಳಿಗೆ ಆ ಜಾಗ ಬೇಕೇ ಬೇಕು. ಆಗ ಹೊಳೆದಿದ್ದು, ಎಲ್ಲರೂ ಎಲ್ಲ ಕಡೆ ಒಟ್ಟಿಗೇ ಹೋಗಬೇಕು ಅಂತ ಯಾರು ಹೇಳಿದರು? ಇವರು ಮಗಳನ್ನು ಕರೆದುಕೊಂಡು ಲಾಹೋರಿ ದರ್ವಾಜದಿಂದ ಒಳಗೆ ಹೋಗುತ್ತಾರೆ. ನಾನು, ಅತ್ತೆ, ಚಿಕ್ಕವನು ಎದುರಿನ ದಿಗಂಬರ ಜೈನ ಲಾಲ್ ಮಂದಿರಕ್ಕೆ. ಅಲ್ಲಿ ಹಕ್ಕಿಗಳ ಆಸ್ಪತ್ರೆ ಇದೆ. ಗಾಳಿಪಟದ ದಾರಕ್ಕೆ ರೆಕ್ಕೆ ಕತ್ತರಿಸಿಕೊಂಡ ಪಾರಿವಾಳ, ಫ್ಯಾನಿಗೆ ಬಡಿದ ಗುಬ್ಬಿ, ಎಲ್ಲಕ್ಕೂ ಪುಕ್ಕಟೆ ಔಷಧಿ. ವಾಸಿಯಾದ ಮೇಲೆ ಹಾರಲು ಬಿಡುತ್ತಾರೆ. ಮಗನಿಗೆ ಷಹಜಹಾನ್ ಯಾರು ಅಂತ ಗೊತ್ತಾಗಲು ಇನ್ನೂ ಸಮಯ ಇದೆ. ಗಾಯವಾದ ಪಾರಿವಾಳಕ್ಕೆ ಬ್ಯಾಂಡೇಜ್ ಕಟ್ಟುವವರು ಇದ್ದಾರೆ ಅಂತ ಗೊತ್ತಾಗಲು ಇದೇ ಸರಿಯಾದ ಸಮಯ.

ಕಮಲ ಮಂದಿರವನ್ನು ಹೊರಗಿನಿಂದ ನೋಡಿ ಬರುತ್ತೇವೆ. 27 ದಳಗಳ ಆ ಕಟ್ಟಡ ಹೊರಗಿನಿಂದಲೇ ಚೆಂದ. ಒಳಗೆ ಮಾತಾಡುವ ಹಾಗಿಲ್ಲ. ಮೌನಕ್ಕಾಗಿ ಬಂದವರ ಮೌನವನ್ನು ನಮ್ಮ ಹುಡುಗ ಕೆಡಿಸುವುದು ಬೇಡ. ಅಕ್ಷರಧಾಮ ಈ ಸಲ ಇಲ್ಲ. ಜಂತರ್ ಮಂತರ್‌ಗೆ ಬಿಸಿಲಿದ್ದ ದಿನ ಒಂದು ಗಂಟೆ. 1724ರ ಸುಮಾರಿಗೆ ರಾಜಾ ಸವಾಯಿ ಜೈಸಿಂಗ್ ಕಟ್ಟಿಸಿದ ಆ ದೊಡ್ಡ ಗಡಿಯಾರದಲ್ಲಿ ಮುಳ್ಳಿಲ್ಲ, ನೆರಳೇ ಮುಳ್ಳು. ನೆರಳಿನ ಅಂಚಿಗೆ ಒಂದು ಕಲ್ಲಿಟ್ಟು ಸ್ವಲ್ಪ ಹೊತ್ತು ಕಾದರೆ ಭೂಮಿ ತಿರುಗುವುದು ಕಣ್ಣಿಗೇ ಕಾಣುತ್ತದೆ. ಸಂಜೆಗಳು ಇಂಡಿಯಾ ಗೇಟ್ ಸುತ್ತಲಿನ ಹುಲ್ಲಿಗೆ. ಅಲ್ಲಿ ಏನೂ ಪ್ಲಾನ್ ಇಲ್ಲ.

ಒಂದು ಜಾಗದ ಬಗ್ಗೆ ಮಾತ್ರ ನಾನು ಹಠ ಹಿಡಿದಿದ್ದೇನೆ. ತೀಸ್ ಜನವರಿ ಮಾರ್ಗದ ಗಾಂಧಿ ಸ್ಮೃತಿ. ಗಾಂಧೀಜಿ ತಮ್ಮ ಕೊನೆಯ 144 ದಿನ ಇದ್ದ ಮನೆ. 1948ರ ಜನವರಿ 30ರ ಸಂಜೆ ಅವರು ತಮ್ಮ ಕೋಣೆಯಿಂದ ಹೊರಟು ಪ್ರಾರ್ಥನೆಯ ಜಾಗಕ್ಕೆ ನಡೆದ ದಾರಿಯಲ್ಲಿ ಸಿಮೆಂಟಿನಲ್ಲಿ ಹೆಜ್ಜೆಗುರುತು ಮಾಡಿಟ್ಟಿದ್ದಾರೆ. ಹೆಜ್ಜೆಗಳು ತೋಟದ ನಡುವೆ ಒಂದು ಕಡೆ ನಿಲ್ಲುತ್ತವೆ. ಚಿಕ್ಕ ಮಕ್ಕಳಿಗೆ ಇಂಥ ಜಾಗ ಬೇಕಾ ಅಂತ ಕೇಳಿದವರಿದ್ದಾರೆ. ನನಗೆ ಬೇಕು ಅನಿಸುತ್ತದೆ. ಅಲ್ಲಿಗೆ ಬಂದ ಮಕ್ಕಳು ಆ ಹೆಜ್ಜೆಯ ಪಕ್ಕ ತಮ್ಮ ಕಾಲಿಟ್ಟು ಅಳತೆ ನೋಡುವುದನ್ನು ಕಂಡಿದ್ದೇನೆ. ನೋಟಿನ ಮೇಲಿನ ತಾತ ನಡೆದಾಡಿದ ಮನುಷ್ಯ ಅಂತ ಕಾಲಿಗೆ ಗೊತ್ತಾಗುತ್ತದೆ. "ಯಾಕೆ ಹೊಡೆದರು?" ಅಂತ ಮಗಳು ಕೇಳುತ್ತಾಳೆ. ಅವರು ಎಲ್ಲರೂ ಜೊತೆಗೆ ಬದುಕಬೇಕು ಅಂದರು, ಅದು ಇಷ್ಟವಾಗದವನೊಬ್ಬ ಹೊಡೆದ ಅನ್ನುತ್ತೇನೆ. ಸುಳ್ಳು ಹೇಳುವುದಿಲ್ಲ, ಜಾಸ್ತಿಯೂ ಹೇಳುವುದಿಲ್ಲ. ಆಮೇಲೆ ತೋಟದಲ್ಲಿ ಕೂರುತ್ತೇವೆ.

ಊಟದ ಚಿಂತೆ ನನಗೆ ಅಷ್ಟಿಲ್ಲ. ಅನ್ನ, ಮೊಸರು, ಬಾಳೆಹಣ್ಣು ಸಿಗದ ಊರಲ್ಲ ಅದು. ಬೆಳಗಿನ ತಿಂಡಿ ಗಟ್ಟಿಯಾಗಿ ತಿನ್ನಿಸಿಕೊಂಡು ಹೊರಡುವುದು, ಹೊಸ ರುಚಿ ಏನಿದ್ದರೂ ಸಂಜೆ ಹೊತ್ತಿಗೆ. ಮೆಟ್ರೋ ಒಳಗೆ ತಿನ್ನುವ ಹಾಗಿಲ್ಲ, ಅದನ್ನು ಮಕ್ಕಳಿಗೆ ಮುಂಚೆಯೇ ಹೇಳಿಡಬೇಕು. ಟಾಯ್ಲೆಟ್ ಕಂಡಲ್ಲೆಲ್ಲ ಹೋಗಿಬರುವುದು, ಬೇಕೋ ಬೇಡವೋ ಅಂತ ಕೇಳದೆ. ತಳ್ಳುಗಾಡಿ ಬೇಡ, ಬೆನ್ನಿಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಸಾಕು. ಕಲ್ಲುಹಾಸು, ಮೆಟ್ಟಿಲು, ಜಲ್ಲಿಯ ದಾರಿಗಳಲ್ಲಿ ಚಕ್ರಗಳು ನಮಗೇ ಹೊರೆ.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ, "ಅಷ್ಟು ದೂರ ಹೋಗಿ ಆಗ್ರಾ ಬಿಡ್ತೀರಾ?" ಮಕ್ಕಳ ಮಟ್ಟಿಗೆ ಹೌದು, ಬಿಡುತ್ತೇವೆ. ಒಂದೇ ದಿನದಲ್ಲಿ ಹೋಗಿಬರಬೇಕಾದರೆ ಕತ್ತಲಿರುವಾಗಲೇ ಎಬ್ಬಿಸಬೇಕು, ಬರುವಷ್ಟರಲ್ಲಿ ರಾತ್ರಿ. ಆ ಒಂದು ದಿನಕ್ಕೆ ಮುಂದಿನ ಎರಡು ದಿನ ಬೆಲೆ ತೆರಬೇಕಾಗುತ್ತದೆ. ಆದರೆ ತಾಜ್ ನೋಡಬೇಕು ಅನ್ನುವುದು ಅತ್ತೆಯ ಬಹಳ ಹಳೆಯ ಆಸೆ. ಈ ಮನೆಯಲ್ಲಿ ಎಲ್ಲರ ಆಸೆಗೂ ಒಂದೊಂದು ದಿನ ಇದೆ, ಅವರದಕ್ಕೂ ಇರಬೇಕು. ಬೆಳಿಗ್ಗೆ ಹಜರತ್ ನಿಜಾಮುದ್ದೀನ್ ಸ್ಟೇಷನ್ನಿನಿಂದ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ ಸುಮಾರು ಒಂದೂಮುಕ್ಕಾಲು ಗಂಟೆಯಲ್ಲಿ ಆಗ್ರಾ ಮುಟ್ಟಿಸುತ್ತದೆ. ಲಾಜಪತ್ ನಗರದಿಂದ ಆ ಸ್ಟೇಷನ್ ಹತ್ತಿರ. ತಾಯಿ ಮಗ ಇಬ್ಬರೇ ಹೋಗಿಬರಲಿ. ಮದುವೆ ಆದಾಗಿನಿಂದ ಅವರಿಬ್ಬರೇ ಎಲ್ಲಿಗಾದರೂ ಹೋಗಿದ್ದು ನಾನು ಕಂಡಿಲ್ಲ. ತಾಜ್‌ಗೆ ಶುಕ್ರವಾರ ರಜೆ, ಅದಕ್ಕೇ ಗುರುವಾರ ಇಟ್ಟಿದ್ದೇವೆ. ಅವತ್ತು ನಾನು, ಮಕ್ಕಳು ಮತ್ತೆ ಸುಂದರ್ ನರ್ಸರಿಗೆ. ಚೆಂಡು, ಚಾಪೆ, ನದಿಗಳ ಹಾಳೆ ಎಲ್ಲ ಚೀಲಕ್ಕೆ ಹೋಗುವ ಸಾಮಾನಿನ ಪಟ್ಟಿಯಲ್ಲಿದೆ. ರೈಲಿನ ಬುಕಿಂಗ್ ಡಿಸೆಂಬರ್ ನಡುವಿನಲ್ಲಿ ತೆರೆಯುತ್ತದೆ. ಅತ್ತೆಯೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ.